ಹಿಡಿದವನ ಹೆಸರು

ಮಳೆ ಬರುವುದು ನನ್ನ ಎಡಗಾಲಿನ ಮಂಡಿಗೆ ನನಗಿಂತ ಮೊದಲು ಗೊತ್ತಾಗುತ್ತದೆ. ಕಾರಹುಣ್ಣಿಮೆಯ ಆಚೀಚೆ, ಗೋಗಿ ಕೆರೆಯ ಮೇಲೆ ಮೋಡ ಕೂಡುವ ಮೊದಲೇ ಅದು ಒಳಗೊಳಗೇ ನುಲಿಯಲು ಶುರುವಾಗುತ್ತದೆ. "ನಿಮ್ಮ ಕಬಡ್ಡಿ ಮಾತಾಡ್ಲಾಕತ್ತದ ನೋಡ್ರಿ" ಅನ್ನುತ್ತಾಳೆ ಮನೆಯವಳು. ಮಾತಾಡುವುದು ಕಬಡ್ಡಿಯೇ ನಿಜ, ಆದರೆ ಅದರ ಒಂದು ಪಾಲು ಮಾತ್ರ. ದಮ್ಮು ಹಿಡಿದು ಎದುರಿನ ಅಂಗಳಕ್ಕೆ ನುಗ್ಗುವ ರೈಡರನ ಮಂಡಿಗಿಂತ, ಅವನನ್ನು ಹಿಡಿಯುವವನ ಮಂಡಿ ಬೇಗ ಹಾಳಾಗುತ್ತದೆ. ನಾನು ಹಿಡಿಯುವವನು. ಲೆಫ್ಟ್ ಕಾರ್ನರ್. ಮೂವತ್ತು ವರ್ಷ ಪಿ.ಟಿ. ಮಾಸ್ತರನಾಗಿ ಸೀಟಿ ಊದಿದ್ದಕ್ಕೆ ಊರಲ್ಲಿ ಎಲ್ಲರೂ ನನ್ನನ್ನು ಬಲ್ಲರು. ಕಾರ್ನರ್ ಆಡಿದ್ದು ಮಾತ್ರ ಯಾರಿಗೂ ನೆನಪಿಲ್ಲ.

ನಮ್ಮೂರನ್ನು ಹೊರಗಿನವರು ಎರಡು ಕಾರಣಕ್ಕೆ ಹುಡುಕಿಕೊಂಡು ಬರುತ್ತಾರೆ. ಒಂದು, ಚಂದಾ ಹುಸೇನಿಯವರ ದರ್ಗಾ. ವಿಜಾಪುರದ ಆದಿಲ್‌ಶಾಹಿ ಮನೆತನದ ಮೊದಲ ಸುಲ್ತಾನರು ಮಲಗಿರುವುದು ವಿಜಾಪುರದಲ್ಲಲ್ಲ, ಇಲ್ಲಿ. 1510ರಲ್ಲಿ ತೀರಿಕೊಂಡ ಯೂಸುಫ್ ಆದಿಲ್‌ಶಾಹ, 1534ರಲ್ಲಿ ತೀರಿಕೊಂಡ ಅವನ ಮಗ ಇಸ್ಮಾಯಿಲ್, 1558ರಲ್ಲಿ ಹೋದ ಒಂದನೇ ಇಬ್ರಾಹಿಂ, ಎಲ್ಲರೂ ತಮ್ಮ ಗುರುವಿನ ಪಕ್ಕದಲ್ಲೇ ಮಣ್ಣಾದರು. ಗೋಳಗುಮ್ಮಟದ ಸೊಕ್ಕು ಈ ಗೋರಿಗಳಿಗಿಲ್ಲ. ಇನ್ನೊಂದು ಕಾರಣ ಯುರೇನಿಯಂ. ನೆಲಕ್ಕೆ ತೂತು ಕೊರೆಯುವ ಯಂತ್ರಗಳು ಬಂದ ವರ್ಷಗಳಲ್ಲಿ ಪೇಪರಿನಲ್ಲಿ ಗೋಗಿಯ ಹೆಸರು ಮೇಲಿಂದ ಮೇಲೆ ಬಂತು. ಸುಲ್ತಾನರು ಮೇಲೆ, ಯುರೇನಿಯಂ ಕೆಳಗೆ. ಅವೆರಡರ ನಡುವೆ ಒಂದು ಗೇಣು ಮಣ್ಣಿದೆಯಲ್ಲ, ನಾನು ಹೇಳಹೊರಟಿರುವುದು ಅದರ ಕಥೆ.

ನಮ್ಮಜ್ಜ ಅದನ್ನು ಕಬಡ್ಡಿ ಅನ್ನುತ್ತಿರಲಿಲ್ಲ. ಹುತುತು ಅನ್ನುತ್ತಿದ್ದ. ಅವನ ಕಾಲಕ್ಕೆ ಇದು ನಿಜಾಮನ ಸೀಮೆ. ಸಾಲಿ ಉರ್ದುವಿನಲ್ಲಿ, ಬೈಗುಳ ಕನ್ನಡದಲ್ಲಿ, ಆಟ ಎರಡರಲ್ಲೂ. ಆಟಕ್ಕಿಂತ ಮೊದಲು ತಾಲೀಮು. ಗರಡಿಯ ಗೂಡಿನಲ್ಲಿ ಹಣಮಪ್ಪ, ಮೊಹರಂ ಬಂದಾಗ ಅದೇ ಹುಡುಗರ ಹೆಗಲ ಮೇಲೆ ಅಲಾಯಿ ದೇವರು. ಗರಡಿಯ ಕುಣಿಗೆ ಹಾಕುವ ಮಣ್ಣು ಹೊಲದಿಂದ ಅಗೆದು ತಂದದ್ದಲ್ಲ. ಎರಿ ಮಣ್ಣು ಒಣಗಿದರೆ ಕಲ್ಲು, ತೊಯ್ದರೆ ಅಂಟು. ಆದ್ದರಿಂದ ಮಸಾರಿ ಮಣ್ಣು ತಂದು, ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಷಿಣ ಕೂಡಿಸಿ ಹದ ಮಾಡುತ್ತಿದ್ದರು. ಮೈಗೆ ಗಾಯವಾದರೆ ಅದೇ ಮಣ್ಣು ಮದ್ದು. ಅಜ್ಜ ಪೈಲ್ವಾನನೇನಲ್ಲ, ಆದರೆ ಉಸ್ತಾದ್ ಅನ್ನಿಸಿಕೊಳ್ಳುವಷ್ಟು ಪಟ್ಟು ಕಲಿತಿದ್ದ. ಪಂಚಮಿಗೆ ಹೆಂಗಸರು ಜೋಕಾಲಿ ಜೀಕುತ್ತಿದ್ದರೆ ಗಂಡಸರು ಗುಂಡುಕಲ್ಲು ಎತ್ತುವುದು, ಲಿಂಬಿಹಣ್ಣು ಒಗೆಯುವ ಪಂಥ, ಹೊತ್ತು ಇಳಿದ ಮೇಲೆ ಹುತುತು. ಗರಡಿಯಲ್ಲಿ ಮೈ ಹುರಿಮಾಡಿದವರೆಲ್ಲ ಹುತುತುವಿನಲ್ಲಿ ಹಿಡಿಯಲು ನಿಲ್ಲುತ್ತಿದ್ದರು. ಸಪೂರ ಹುಡುಗರು ದಮ್ಮು ಹಿಡಿದು ಹೋಗುತ್ತಿದ್ದರು. ಗೆದ್ದರೆ ಹೆಗಲ ಮೇಲೆ ಹೊರುವುದು ಆ ಸಪೂರ ಹುಡುಗನನ್ನು. ಹಿಡಿದವರು ಮೈಮಣ್ಣು ಝಾಡಿಸಿಕೊಂಡು ಮನೆಗೆ ನಡೆಯುತ್ತಿದ್ದರು.

ಆಗಿನ ಆಟಕ್ಕೆ ಒಂದೇ ನಿಯಮವಿರಲಿಲ್ಲ. ಒಂದು ಕಡೆ ಸತ್ತವನು ಸತ್ತಂತೆಯೇ, ಇಡೀ ತಂಡ ಸಾಯುವವರೆಗೆ ಹೊರಗೆ ಕೂರಬೇಕು. ಅದಕ್ಕೆ ಗಾಮಿನಿ ಅನ್ನುತ್ತಾರೆ. ಇನ್ನೊಂದು ಕಡೆ ಯಾರೂ ಸಾಯುವುದೇ ಇಲ್ಲ, ಲೆಕ್ಕ ಮಾತ್ರ ಬರೆಯುವುದು, ಅದು ಅಮರ್. ಎದುರಿನವನೊಬ್ಬ ಸತ್ತರೆ ನಮ್ಮವನೊಬ್ಬ ಎದ್ದು ಬರುವುದು ಸಂಜೀವನಿ. ಇವತ್ತು ಟಿ.ವಿ.ಯಲ್ಲಿ ಕಾಣುವುದೆಲ್ಲ ಈ ಸಂಜೀವನಿಯೇ. 1920ರ ದಶಕದಲ್ಲಿ ಪುಣೆಯ ಡೆಕ್ಕನ್ ಜಿಮ್‌ಖಾನಾದವರೂ ಬರೋಡಾದ ಹಿಂದ್ ವಿಜಯ ಜಿಮ್‌ಖಾನಾದವರೂ ಕೂತು ನಿಯಮ ಬರೆದರು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದ ಹುಡುಗರು ಹಿಟ್ಲರನ ಊರಿನಲ್ಲಿ ಈ ಆಟ ಆಡಿ ತೋರಿಸಿದರು. ಅಖಿಲ ಭಾರತ ಫೆಡರೇಷನ್ ಹುಟ್ಟಿದ್ದು 1950ರಲ್ಲಿ. ಇದೆಲ್ಲ ನಮ್ಮಜ್ಜನ ಕಿವಿಗೆ ಬೀಳಲಿಲ್ಲ. ಅವನಿಗೆ ಬಿದ್ದ ಸುದ್ದಿ 1948ರ ಪೊಲೀಸ್ ಆಕ್ಷನ್. ಅದಾದ ಮೇಲೆ, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, ಸಾಲಿಗೆ ಕನ್ನಡವೂ ಬಂತು, ಸುಣ್ಣದ ಗೆರೆ ಎಳೆದ ಕಬಡ್ಡಿ ಅಂಗಳವೂ ಬಂತು. ಗೆರೆ ಬಂದ ದಿನದಿಂದ ಅಜ್ಜನಿಗೆ ಆಟದ ಮೇಲಿನ ಪ್ರೀತಿ ಅರ್ಧಕ್ಕಿಳಿಯಿತಂತೆ. "ಗೆರಿ ದಾಟಿದರ ಔಟ್ ಅಂದ್ರ, ಓಡಿಹೋಗಾಂವ ಬದುಕಿದಂಗಾತಲ್ಲೋ?" ಅನ್ನುತ್ತಿದ್ದ.

ಓಡಿಹೋಗಿ ಬದುಕುವುದು ಈ ಸೀಮೆಗೆ ಹೊಸದಲ್ಲ ಬಿಡಿ. ಸುರಪುರದ ಬೇಡರ ವಾಗಿನಗೇರಿ ಕೋಟೆಗೆ 1705ರಲ್ಲಿ ಔರಂಗಜೇಬ ತಾನೇ ಖುದ್ದು ಬಂದು ಮುತ್ತಿಗೆ ಹಾಕಿದ. ತಿಂಗಳುಗಟ್ಟಲೆ ಸುತ್ತುಗಟ್ಟಿ ಒಳಗೆ ಹೋದಾಗ ಪಿಡ್ಡ ನಾಯಕ ಅಲ್ಲಿರಲಿಲ್ಲ. ಕೋಟೆ ಸಿಕ್ಕಿತು, ನಾಯಕ ಸಿಗಲಿಲ್ಲ. ಬಾದಶಹ ಪಕ್ಕದ ದೇವಾಪುರದಲ್ಲಿ ಡೇರೆ ಹಾಕಿ ಕಾಯಿಲೆ ಬಿದ್ದ, ಆಮೇಲೆ ಯುದ್ಧಕ್ಕೆಂದು ಎಲ್ಲಿಗೂ ಹೋಗಲಿಲ್ಲ. ಇತಿಹಾಸದ ಮಾಸ್ತರರು ಇದನ್ನು ಬೇಡರ ಶೌರ್ಯ ಅಂತ ಪಾಠ ಮಾಡುತ್ತಾರೆ. ನನ್ನ ಕಣ್ಣಿಗೆ ಅದು ಒಬ್ಬ ಒಳ್ಳೆ ರೈಡರ್ ಮುಟ್ಟಿ ತಿರುಗಿ ಹೋದ ಹಾಗೆ. ಇಡೀ ಹಿಂದೂಸ್ತಾನ ಹಿಡಿದ ಕೈಯಲ್ಲಿ ಕೊನೆಗೆ ಉಳಿದದ್ದು ಬರೀ ಗಾಳಿ. ಕೈಯಲ್ಲಿ ಗಾಳಿ ಉಳಿದರೆ ಹೇಗಿರುತ್ತದೆಂದು ಕಾರ್ನರ್ ಆಡಿದವರನ್ನು ಕೇಳಿ.

ನನಗೆ ಅದು ಗೊತ್ತಾಗಿದ್ದು ಗುಲ್ಬರ್ಗಾದಲ್ಲಿ. 1980ರಲ್ಲಿ ಅಲ್ಲಿ ಯೂನಿವರ್ಸಿಟಿ ಶುರುವಾಯಿತು, ಅದೇ ವರ್ಷ ನಾನು ಬಿ.ಎ.ಗೆ ಸೇರಿದೆ. ಯಾದಗಿರಿ ಜಿಲ್ಲೆ ಹುಟ್ಟಲು ಇನ್ನೂ ಇಪ್ಪತ್ತೊಂಬತ್ತು ವರ್ಷ ಇತ್ತು, ನಮ್ಮ ಶಹಾಪುರ ತಾಲೂಕಿನವರಿಗೆ ಎಲ್ಲದಕ್ಕೂ ಗುಲ್ಬರ್ಗಾವೇ ಜಿಲ್ಲಾಕೇಂದ್ರ. ಹಾಸ್ಟೆಲಿನ ಹಿಂದಿನ ಮೊರಂ ಅಂಗಳದಲ್ಲಿ ಒಬ್ಬ ಹಿರಿಯ ಆಟಗಾರ ನನ್ನನ್ನು ಮೂಲೆಗೆ ನಿಲ್ಲಿಸಿದ. ಅವನು ಕಲಿಸಿದ್ದು ಮೂರೇ ಮಾತು. ರೈಡರನ ಕಣ್ಣು ನೋಡಬೇಡ, ಕೈ ನೋಡಬೇಡ, ಸೊಂಟ ನೋಡು. ಕೈ ಸುಳ್ಳು ಹೇಳುತ್ತದೆ, ಸೊಂಟ ಹೇಳುವುದಿಲ್ಲ. ಎರಡನೆಯದು, ಭಾರ ಹಿಂಗಾಲ ಮೇಲೆ ಇರಲಿ. ಮೂರನೆಯದು, ಒಮ್ಮೆ ಹೋದರೆ ಹೋದಂತೆಯೇ, ಅರ್ಧ ಕೈ ಹಾಕಿದವನು ಪೂರ್ತಿ ಸಾಯುತ್ತಾನೆ.

ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ನೋಡುವವರ ಕಣ್ಣು ಸದಾ ರೈಡರನ ಮೇಲೆ. ನಡುಗೆರೆಯಿಂದ 3.75 ಮೀಟರ್ ಒಳಗೆ ಬಾಕ್ ಲೈನ್. ರೈಡರ್ ಅದನ್ನು ದಾಟಲೇಬೇಕು. ಅದರಾಚೆ ಒಂದು ಮೀಟರಿಗೆ ಬೋನಸ್ ಗೆರೆ. ಆರು ಜನವೋ ಏಳು ಜನವೋ ಹಿಡಿಯುವವರು ಅಂಗಳದಲ್ಲಿದ್ದರೆ, ರೈಡರ್ ಒಂದು ಪಾದ ಆ ಗೆರೆಯಾಚೆ ಊರಿ ಇನ್ನೊಂದು ಪಾದ ಗಾಳಿಯಲ್ಲಿ ಎತ್ತಿದನೆಂದರೆ ಅವನಿಗೊಂದು ಅಂಕ ಪುಕ್ಕಟೆ. ಆ ಪಾದ ಬರುವುದು ಮೂಲೆಗೆ. ಅಂದರೆ ನನ್ನ ಹತ್ತಿರಕ್ಕೆ. ಒಂದು ಕಾಲು ನೆಲದಲ್ಲಿ, ಒಂದು ಕಾಲು ಗಾಳಿಯಲ್ಲಿ, ಮೈ ಹಿಂದಕ್ಕೆ ವಾಲಿದೆ. ರೈಡರನ ಇಡೀ ಆಟದಲ್ಲಿ ಅವನು ಅಷ್ಟು ಬಡವನಾಗುವ ಕ್ಷಣ ಇನ್ನೊಂದಿಲ್ಲ. ನೆಲಕ್ಕೆ ಬಿದ್ದು, ಎರಡೂ ಅಂಗೈಯಿಂದ ಆ ಗಿಣ್ಣು ಹಿಡಿದು, ಎದೆಗೆ ಎಳೆದುಕೊಳ್ಳಬೇಕು. ಇದು ಆಂಕಲ್ ಹೋಲ್ಡ್. ಹಿಡಿದ ಕೂಡಲೇ ಪಕ್ಕದಲ್ಲಿ ನಿಂತ ಆಟಗಾರ, ಅಂದರೆ ಕವರ್, ಬಂದು ಮೇಲೆ ಬೀಳಬೇಕು. ಅವನು ಅರೆಗಳಿಗೆ ತಡಮಾಡಿದರೆ ರೈಡರ್ ನಿಮ್ಮನ್ನು ದರದರ ಎಳೆದುಕೊಂಡೇ ನಡುಗೆರೆ ಮುಟ್ಟುತ್ತಾನೆ. ಎಳೆಸಿಕೊಂಡು ಹೋದ ಮೊಣಕೈಗಳಲ್ಲಿ ಮೊರಂ ಕಲ್ಲು ಕೂತದ್ದು ನನಗೆ ಇವತ್ತಿಗೂ ಕಾಣುತ್ತದೆ.

1983ರಲ್ಲಿ ಅಂಥದೊಂದು ಪಂದ್ಯದಲ್ಲಿ ನಾನು ಹಿಡಿದೆ, ಕವರ್ ಬಂದ, ಬಂದವನು ರೈಡರನ ಮೇಲೆ ಬೀಳದೆ ನನ್ನ ಮಂಡಿಯ ಮೇಲೆ ಬಿದ್ದ. ಅಂಗಳದಲ್ಲಿ ಹೂತುಹೋದ ಕಲ್ಲೊಂದಿತ್ತು, ಅದನ್ನು ಯಾರೂ ಕಿತ್ತಿರಲಿಲ್ಲ. ಆ ಪಂದ್ಯ ನಡೆಸಿದವರ ಹೆಸರು ಬೇಡ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಮೂಳೆಗಲ್ಲ, ಒಳಗಿನ ನರಕ್ಕೆ ಆಗಿರಬೇಕು ಅಂದರು. ಎಂ.ಆರ್.ಐ. ಅನ್ನುವ ಪದವೇ ನಮ್ಮ ಸೀಮೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಊರಿನ ನಾಟಿ ಕಟ್ಟಿನವನು ತತ್ತಿಯ ಬಿಳಿಲೋಳೆ ಹಚ್ಚಿ ಬಟ್ಟೆ ಸುತ್ತಿ ಬಿದಿರು ದಬ್ಬೆ ಕಟ್ಟಿದ. ಮೂರು ತಿಂಗಳಿಗೆ ನಡೆದೆ. ಮತ್ತೆ ಎಂದೂ ನೆಲಕ್ಕೆ ಬೀಳಲಿಲ್ಲ. ಅಂದಿನ ಅಂಕದ ಹಾಳೆಯಲ್ಲಿ ನಮ್ಮ ತಂಡಕ್ಕೆ ಒಂದು ಅಂಕ ಬರೆದರು. ಹಿಡಿದವನು ಯಾರು ಅಂತ ಬರೆಯುವ ಕಾಲಂ ಅದರಲ್ಲಿರಲಿಲ್ಲ.

ಅಮೆರಿಕದ ಫುಟ್‌ಬಾಲಿನಲ್ಲೂ ನನ್ನಂಥ ಹಿಡಿಯುವವರಿದ್ದಾರೆ ಅನ್ನುವ ಸುದ್ದಿ ನನ್ನ ಹೊಸ್ತಿಲಿಗೆ ಬಂದದ್ದು 2011ರ ಫೆಬ್ರವರಿ 7ರ ಸೋಮವಾರ ಬೆಳಗಿನ ಐದಕ್ಕೆ. ಹಿಂಗಾರಿ ಜೋಳ ಕೊಯ್ಲಿಗೆ ಬಂದಿತ್ತು, ಆಳು ಬರುವ ಮೊದಲೇ ಹೊಲಕ್ಕೆ ಹೊರಡಬೇಕಿತ್ತು. ಫೋನ್ ಬಡಕೊಂಡಿತು. ಡಲ್ಲಾಸ್‌ನಲ್ಲಿರುವ ತಂಗಿಯ ಮಗ. ಅಲ್ಲಿ ಭಾನುವಾರ ಸಂಜೆ, ಅವನ ಊರಿನ ಪಕ್ಕದ ಆರ್ಲಿಂಗ್ಟನ್‌ನಲ್ಲೇ ಸೂಪರ್ ಬೌಲ್. "ಮಾಮಾ, ಇಲ್ಲಿ ಒಂದು ಟೀಮಿನಾಗ ನಮ್ಮ ದೇಶದಾಂವ ಒಬ್ಬಾಂವ ಅದಾನ. ನಿಮ್ಮಂಗ ಹಿಡಿಯಾಂವ." ಹೆಸರು ಬ್ರ್ಯಾಂಡನ್ ಚಿಲ್ಲರ್. ತಂದೆಯ ಕಡೆಯಿಂದ ಭಾರತೀಯ ಮೂಲ. ನಾಲ್ಕು ವರ್ಷ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡಕ್ಕೆ ಲೈನ್‌ಬ್ಯಾಕರ್ ಆಡಿ, 2004ರ ಆಯ್ಕೆಯಲ್ಲಿ ನಾಲ್ಕನೇ ಸುತ್ತಿಗೆ 130ನೆಯವನಾಗಿ ಸೇಂಟ್ ಲೂಯಿಸ್ ರಾಮ್ಸ್ ತಂಡಕ್ಕೆ ಹೋದವನು, 2008ರಿಂದ ಗ್ರೀನ್ ಬೇ ಪ್ಯಾಕರ್ಸ್‌ನಲ್ಲಿದ್ದವನು.

"ಆಡಾಕತ್ತಾನೇನು?" ಅಂದೆ. "ಇಲ್ಲ ಮಾಮಾ, ಭುಜಕ್ಕ ಪೆಟ್ಟಾಗಿ ಹೊರಗ ಕುಂತಾನ." ಆವತ್ತು ಪ್ಯಾಕರ್ಸ್ 31-25ರಿಂದ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡವನ್ನು ಸೋಲಿಸಿತು. ಹಿಡಿಯುವವನೊಬ್ಬ ಪೆಟ್ಟುತಿಂದ ಮೈಯಲ್ಲಿ ಅಂಗಳದ ಅಂಚಿಗೆ ಕೂತು ಪ್ರಪಂಚದ ದೊಡ್ಡ ಗೆಲುವನ್ನು ಕಣ್ಣಿನಿಂದ ನೋಡುತ್ತಾನೆ. ಆಟದ ಒಂದು ನಿಯಮವೂ ಗೊತ್ತಿಲ್ಲದೆ ನನಗೆ ಆ ಮನುಷ್ಯ ಮಾತ್ರ ಪೂರ್ತಿ ಅರ್ಥವಾಗಿಬಿಟ್ಟ. ಆ ವರ್ಷವೇ ಅವನನ್ನು ತಂಡದಿಂದ ಬಿಟ್ಟರು.

ಆಮೇಲೆ ಅಳಿಯ ರಜೆಗೆ ಬಂದಾಗ ಅಡುಗೆಮನೆಯ ನೆಲದ ಮೇಲೆ ಜೋಳದ ಕಾಳು ಹರಡಿ ಆಟ ತಿಳಿಸಿದ. ಹನ್ನೊಂದು ಹನ್ನೊಂದು ಜನ. ಚೆಂಡು ಇರುವವರಿಗೆ ನಾಲ್ಕು ಅವಕಾಶ, ಅಷ್ಟರಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹಿಡಿಯುವವರು ಬಿಡಬಾರದು. ಮುಂದಿನ ಸಾಲಿನವರು ಗೋಡೆ, ಅವರ ಹಿಂದೆ ಲೈನ್‌ಬ್ಯಾಕರ್, ಅಂದರೆ ಎಲ್ಲ ಕಡೆಗೂ ಕಣ್ಣಿಟ್ಟವನು. ಅವನಿಗೆ ಕೋಚ್‌ಗಳು ಮೊದಲು ಕಲಿಸುವುದೇನು ಅಂತ ಕೇಳಿದೆ. "ಎದುರಿನವನ ಸೊಂಟ ನೋಡು ಅಂತಾರ" ಅಂದ. ಕಾಳನ್ನೆಲ್ಲ ಮೊರಕ್ಕೆ ತುಂಬುತ್ತ ನಕ್ಕೆ. ನನ್ನ ಹಾಸ್ಟೆಲಿನ ಹಿರಿಯ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಬಂದಿದ್ದನೇನೋ.

ವ್ಯತ್ಯಾಸವೂ ಇದೆ, ಸಣ್ಣದಲ್ಲ. ಅವರಿಗೆ ಹೆಲ್ಮೆಟ್, ಭುಜಕ್ಕೆ ಕವಚ. ಚಿಲ್ಲರ್ ನೂರು ಕಿಲೋಗೆ ಮೇಲೆ. ನಮ್ಮಲ್ಲಿ ಆಟಗಾರನ ತೂಕಕ್ಕೇ ಮಿತಿ. ಅವರ ರೈಡರ್ ಚೆಂಡು ಹೊತ್ತು ಓಡುತ್ತಾನೆ, ನಮ್ಮವನು ಉಸಿರು ಹೊತ್ತು. ಅವರ ಕಾಲೇಜಿನ ಆಟಕ್ಕೆ ಹತ್ತಾರು ಸಾವಿರ ಜನ ಟಿಕೆಟ್ ತೆಗೆದುಕೊಂಡು ಕೂರುತ್ತಾರೆ. ನಮ್ಮ ಕಾಲೇಜಿನ ಆಟಕ್ಕೆ ಹಾಸ್ಟೆಲಿನ ಅಡುಗೆಯವನೂ ಬರುತ್ತಿರಲಿಲ್ಲ. ಒಂದು ಬನ್ನು, ಎರಡು ಬಾಳೆಹಣ್ಣು, ಬಸ್ ಚಾರ್ಜು, ಅಷ್ಟೇ ನಮ್ಮ ಕಾಲೇಜು ಕರಿಯರ್. ಅಮೆರಿಕದ ಆಟವನ್ನು ಇಲ್ಲಿಗೆ ತರುವ ಪ್ರಯತ್ನವೂ ನಡೆಯಿತು. 2011ರಲ್ಲಿ ಎಲೀಟ್ ಫುಟ್‌ಬಾಲ್ ಲೀಗ್ ಆಫ್ ಇಂಡಿಯಾ ಅಂತ ಘೋಷಿಸಿದರು, ಚಿಲ್ಲರ್ ಕೂಡ ಅದಕ್ಕೆ ಹಣ ಹಾಕಿದವರಲ್ಲೊಬ್ಬ. ಬೆಂಗಳೂರಿಗೆ ವಾರ್‌ಹಾಕ್ಸ್ ಅನ್ನುವ ತಂಡವೂ ಇತ್ತು. 2012ರಲ್ಲಿ ಒಂದು ಋತು ನಡೆದದ್ದಾಯಿತು. ನಮ್ಮ ಕಡೆಗೆ ಅದರ ಗಾಳಿಯೂ ಬೀಸಲಿಲ್ಲ.

ಬೀಸಿದ್ದು ಇನ್ನೊಂದು ಗಾಳಿ. 2014ರ ಜುಲೈ 26ರಂದು ಪ್ರೊ ಕಬಡ್ಡಿ ಶುರುವಾಯಿತು. ಬೆಂಗಳೂರು ಬುಲ್ಸ್ ತಂಡದ ಆಟ ನೋಡಲು ಕೂತರೆ ಪರದೆಯ ಮೇಲೆ ನಾಯಕನ ಹೆಸರು, ಮಂಜೀತ್ ಛಿಲ್ಲರ್! ಅಳಿಯನಿಗೆ ಫೋನ್ ಹಚ್ಚಿದೆ. ಇಬ್ಬರಿಗೂ ನಂಟಿದೆ ಅಂತ ನಾನು ಹೇಳುವುದಿಲ್ಲ, ಅಡ್ಡಹೆಸರು ಒಂದೇ ಅಷ್ಟೆ. ಆದರೆ ಒಬ್ಬ ಗ್ರೀನ್ ಬೇಯಲ್ಲಿ ಹಿಡಿದ, ಇನ್ನೊಬ್ಬ ಬೆಂಗಳೂರಿಗೆ ಹಿಡಿದ. ಮಂಜೀತ್ ದಿಲ್ಲಿಯ ನಿಜಾಮ್‌ಪುರದವನು, ಕುಸ್ತಿಯಿಂದ ಕಬಡ್ಡಿಗೆ ಬಂದವನು. ನಮ್ಮಜ್ಜ ಇದ್ದಿದ್ದರೆ "ಮತ್ತೇನು, ಗರಡಿ ಹುಡುಗ" ಅಂದುಬಿಡುತ್ತಿದ್ದ. ಎರಡನೇ ಋತುವಿನಲ್ಲಿ ಬುಲ್ಸ್ ಫೈನಲ್‌ಗೆ ಹೋಗಿ ಯು ಮುಂಬಾಕ್ಕೆ ಸೋತಿತು. ಆ ವರ್ಷ, 2015ರಲ್ಲಿ, ಅವನಿಗೆ ಅರ್ಜುನ. ಆಮೇಲೆ ಪುಣೆ, ಜೈಪುರ, ಚೆನ್ನೈ ಅಂತ ತಂಡ ಬದಲಿಸುತ್ತ, ಕೊನೆಗೆ 2022ರ ಫೆಬ್ರವರಿ 25ರಂದು ದಬಂಗ್ ದಿಲ್ಲಿಯ ಜೊತೆ ಕಪ್ಪು ಎತ್ತಿದ. ಎಲ್ಲಿ? ಬೆಂಗಳೂರಲ್ಲೇ. ಕೊರೊನಾದಿಂದಾಗಿ ಪ್ರೇಕ್ಷಕರೇ ಇರದ ಹೋಟೆಲಿನ ಹಾಲಿನಲ್ಲಿ, ಪಟ್ನಾ ವಿರುದ್ಧ 37-36. ಅಷ್ಟು ವರ್ಷ ಹಿಡಿದವನಿಗೆ ಚಪ್ಪಾಳೆಗೆ ಒಂದು ನರಪಿಳ್ಳೆ ಇರಲಿಲ್ಲ. ಅವನ ಒಟ್ಟು ಹಿಡಿತದ ಅಂಕ 390ಕ್ಕೂ ಮೇಲೆ. ಆ ದಾಖಲೆಯನ್ನು ಮುರಿದವನು ಇರಾನಿನ ಫಜಲ್ ಅತ್ರಾಚಲಿ.

ಇರಾನ್ ಅಂದಕೂಡಲೆ ನಮ್ಮ ದರ್ಗಾದ ಗೋರಿಗಳು ನೆನಪಾಗುತ್ತವೆ. ಫಾರ್ಸಿ ಮಾತಾಡುವವರು ದಖ್ಖನಿಗೆ ಬಂದು ಗೆದ್ದದ್ದು ಇದೇನು ಮೊದಲಲ್ಲ. 1990ರ ಬೀಜಿಂಗ್‌ನಿಂದ ಏಷ್ಯನ್ ಗೇಮ್ಸ್‌ನ ಚಿನ್ನ ಒಮ್ಮೆಯೂ ಬಿಟ್ಟುಕೊಡದ ನಮ್ಮ ಗಂಡಸರನ್ನು 2018ರ ಜಕಾರ್ತಾದಲ್ಲಿ ಸೆಮಿಫೈನಲ್‌ನಲ್ಲೇ 27-18ಕ್ಕೆ ಇರಾನಿನವರು ಮಣಿಸಿದರು. ನಾನು ಆ ಪಂದ್ಯ ಮೊಬೈಲಿನಲ್ಲಿ ನೋಡಿದೆ. ಸೋತದ್ದು ನಮ್ಮ ರೈಡರುಗಳು, ಗೆದ್ದದ್ದು ಅವರ ಮೂಲೆಗಳು. ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ, ಜೊತೆಗೆ ಒಳಗೆಲ್ಲೋ ಸಣ್ಣದೊಂದು ಖುಷಿಯೂ ಆಯಿತು.

ನಮ್ಮ ರಾಜ್ಯದ ಕಬಡ್ಡಿ ಅಂದರೆ ದಕ್ಷಿಣ ಕನ್ನಡ, ಉಡುಪಿ, ಮಂಡ್ಯ, ಬೆಂಗಳೂರು. ನಾವು ಭೂಪಟದ ಮೇಲ್ತುದಿಯವರು. ಸಿ. ಹೊನ್ನಪ್ಪ 2000ದಲ್ಲಿ, ಬಿ.ಸಿ. ರಮೇಶ್ 2001ರಲ್ಲಿ ಅರ್ಜುನ ತಂದರು. ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ದೇಶದ ಹೆಣ್ಣುಮಕ್ಕಳ ತಂಡಕ್ಕೆ ನಾಯಕಿಯರಾದರು. 2012ರಲ್ಲಿ ಪಟ್ನಾದಲ್ಲಿ ಮಮತಾ ವಿಶ್ವಕಪ್ ಎತ್ತಿದ ಫೋಟೋ ನಮ್ಮ ಸಾಲಿಯ ಗೋಡೆಯ ಮೇಲಿತ್ತು, ನಾನೇ ಪೇಪರಿನಿಂದ ಕತ್ತರಿಸಿ ಹಚ್ಚಿದ್ದು. ರಮೇಶ್ ಕೋಚ್ ಆದ ಮೇಲಿನ ಕಥೆ ಇನ್ನೂ ದೊಡ್ಡದು. 2019ರಲ್ಲಿ ಬೆಂಗಾಲ್ ವಾರಿಯರ್ಸ್, 2024ರ ಮಾರ್ಚ್ 1ರಂದು ಪುಣೇರಿ ಪಲ್ಟನ್, ಎರಡು ತಂಡಗಳಿಗೆ ಕಪ್ಪು ಕೊಡಿಸಿದರು. ಆ ಪುಣೆ ತಂಡದ ಎಡಮೂಲೆಗೆ ನಿಂತವನು ಇರಾನಿನ ಶಾದ್ಲೂಯಿ. ಅವನಿಗೆ ಕೊಟ್ಟದ್ದು 2 ಕೋಟಿ 35 ಲಕ್ಷ. 2014ರ ಮೊದಲ ಹರಾಜಿನಲ್ಲಿ ಎಲ್ಲರಿಗಿಂತ ಹೆಚ್ಚು ಬಾಳಿದ ರಾಕೇಶ್ ಕುಮಾರನಿಗೇ 12 ಲಕ್ಷ 80 ಸಾವಿರ ಇದ್ದದ್ದು. ಲೆಫ್ಟ್ ಕಾರ್ನರಿಗೆ ಎರಡು ಕೋಟಿ! ಮನೆಯವಳಿಗೆ ಪೇಪರ್ ತೋರಿಸಿದೆ. ಆಕೆ ನನ್ನ ಮಂಡಿಯನ್ನೊಮ್ಮೆ, ಪೇಪರನ್ನೊಮ್ಮೆ ನೋಡಿ, "ನೀವು ಲಗೂನ ಹುಟ್ಟಿದ್ರಿ ಬಿಡ್ರಿ" ಅಂದಳು.

ದುಡ್ಡಿಗಿಂತ ನನಗೆ ಹಿಡಿಸಿದ್ದು ಲೆಕ್ಕ. ಈಗ ಯಾರು ಹಿಡಿದರೆಂದು ಬರೆಯುತ್ತಾರೆ. ಒಂದೇ ಪಂದ್ಯದಲ್ಲಿ ಐದು ಹಿಡಿತದ ಅಂಕ ಬಂದರೆ ಅದಕ್ಕೆ ಹೈ ಫೈವ್ ಅಂತ ಹೆಸರು. ಮೂವರೋ ಇನ್ನೂ ಕಮ್ಮಿಯೋ ಉಳಿದಾಗ ಹಿಡಿದರೆ ಸೂಪರ್ ಟ್ಯಾಕಲ್, ಒಂದು ಅಂಕ ಹೆಚ್ಚು. ನನ್ನ ತಕರಾರೂ ಇದೆ. ಮ್ಯಾಟ್ ಬಂದ ಮೇಲೆ ಹಿಡಿತದ ಬಗೆಯೇ ಬದಲಾಯಿತು. ಬೂಟು ಹಾಕಿದ ರೈಡರನ ಗಿಣ್ಣು ಕೈಗೆ ನೆಟ್ಟಗೆ ಸಿಗುವುದಿಲ್ಲ. ಮಣ್ಣಿನಲ್ಲಿ ಪಾದ ಒಂದಿಷ್ಟು ಜಾರುತ್ತಿತ್ತು, ಆ ಜಾರುವ ಗಳಿಗೆಯಲ್ಲೇ ನಮ್ಮ ಬದುಕಿದ್ದದ್ದು. ಈಗಿನವರು ಹೆಚ್ಚಾಗಿ ಡ್ಯಾಶ್ ಹೊಡೆದು ಹೊರಗೆ ದಬ್ಬುತ್ತಾರೆ. ದಬ್ಬುವುದಕ್ಕೆ ಭುಜ ಸಾಕು. ಇದನ್ನು ಹುಡುಗರಿಗೆ ಹೇಳಿದರೆ, ಮುದುಕರ ಗೊಣಗಾಟ ಅಂತ ಮುಖ ತಿರುಗಿಸುತ್ತಾರೆ. ಇರಬಹುದು. ಆದರೆ ಮ್ಯಾಟಿನಡಿ ಹೂತ ಕಲ್ಲಿರುವುದಿಲ್ಲ ಅನ್ನುವುದನ್ನೂ ನಾನು ಮರೆತಿಲ್ಲ.

ಹೋದ ಪಂಚಮಿಗೆ ಸಾಲಿಯ ಬಯಲಿನಲ್ಲಿ ಹುಡುಗರು ಆಡುತ್ತಿದ್ದರು. ಇನ್ನೂ ಮಣ್ಣೇ. ನಾನು ಅಂಚಿಗೆ ಸ್ಟೂಲ್ ಹಾಕಿಕೊಂಡು, ಮೊದಲಿನಂತೆ ಡೈರಿ ಹಿಡಿದು ಕೂತಿದ್ದೆ. ಕೆಲಸದಲ್ಲಿದ್ದಷ್ಟು ವರ್ಷವೂ ನಾನು ಹಿಡಿದವರ ಹೆಸರು ಬೇರೆ ಬರೆದಿಟ್ಟಿದ್ದೇನೆ, ಹನ್ನೊಂದು ಡೈರಿ ಆಗಿವೆ. ಎಂಟನೇತ್ತೆಯ ಹುಡುಗನೊಬ್ಬ ಒಳ್ಳೆ ರೈಡರ್, ಸೊಕ್ಕಿದೆ. ಹತ್ತಿರ ಬಂದು, "ಸರ, ನೀವು ಆಂಕಲ್ ಹಿಡಿತಿದ್ರಂತ, ಖರೇನ?" ಅಂದ. ನೆಲಕ್ಕೆ ಬೀಳಲು ಈ ಮಂಡಿ ಒಪ್ಪುವುದಿಲ್ಲ ಅಂದೆ. ಅವನು ನಕ್ಕು, ನನ್ನ ಸ್ಟೂಲಿನ ಮುಂದೆ ಬೋನಸ್ ತೆಗೆಯುವವನಂತೆ ಒಂದು ಕಾಲು ಚಾಚಿ, ಇನ್ನೊಂದು ಕಾಲು ಗಾಳಿಯಲ್ಲೆತ್ತಿ ಕುಣಿದ. ನಾನು ಅವನ ಮುಖ ನೋಡಲಿಲ್ಲ. ಸೊಂಟ ಎಡಕ್ಕೆ ವಾಲಿತು. ಕೂತಲ್ಲಿಂದಲೇ ಬಗ್ಗಿ ಎರಡೂ ಕೈಯಲ್ಲಿ ಗಿಣ್ಣು ಹಿಡಿದು ಎದೆಗೆ ಎಳೆದುಕೊಂಡೆ. ಡೈರಿ ಮಣ್ಣಿಗೆ ಬಿತ್ತು. ಅವನು ಒಂದು ಕಾಲಿನ ಮೇಲೆ ಕೊಕ್ಕರೆಯಂತೆ ಜಿಗಿಜಿಗಿದು ಎಳೆದ, ಜಗ್ಗಿದ, ದಮ್ಮು ಕಟ್ಟಿತು.

"ಬಿಡ್ರಿ ಸರ, ಔಟ್ ಆದೆ. ಬಿಡ್ರಿ!"